ಕೋಡ್ ಬರೆಯುವ ಮೊದಲು ಒಂದು ಎಣಿಕೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಸೈನ್ಸ್ ಸೇರಿದವರಿಗೆಲ್ಲ ಡಿಸ್ಕ್ರೀಟ್ ಮ್ಯಾಥ್ಸ್, ಅಂದರೆ ಬಿಡಿಬಿಡಿಯಾಗಿ ಎಣಿಸಬಹುದಾದವುಗಳ ಗಣಿತ, ಎದುರಾಗುತ್ತದೆ. ಕ್ಯಾಲ್ಕುಲಸ್ ಮುಗೀತು, ಉಸ್ಸಪ್ಪಾ ಎನ್ನುವಷ್ಟರಲ್ಲಿ ಇದು ಬಂದು ಕೂರುತ್ತದೆ. ಲಾಜಿಕ್, ಸೆಟ್, ಎಣಿಕೆ, ಇಂಡಕ್ಷನ್, ಗ್ರಾಫ್. ‘ಇದರಿಂದ ಒಂದು ಆ್ಯಪ್ ಆದರೂ ಮಾಡಬಹುದಾ ಸರ್?’ ಅಂತ ಕೇಳುವವರು ಇದ್ದೇ ಇರುತ್ತಾರೆ. ನ್ಯಾಯವಾದ ಪ್ರಶ್ನೆಯೇ ಬಿಡಿ.

ಡೆಲಿವರಿ ಹುಡುಗನೊಬ್ಬ 20 ಮನೆಗಳಿಗೆ ಪಾರ್ಸೆಲ್ ಕೊಡಬೇಕು. ಓಡಾಟ ಆದಷ್ಟು ಕಮ್ಮಿ ಇರಬೇಕು. ಯಾವ ಮನೆ ಮೊದಲು, ಯಾವುದು ಆಮೇಲೆ? ಎಲ್ಲ ಸರದಿಗಳನ್ನೂ ಕಂಪ್ಯೂಟರಿನಲ್ಲಿ ನೋಡಿಸಿದರಾಯಿತು, ಅಲ್ವಾ?

ಸ್ವಲ್ಪ ಎಣಿಸೋಣ. ಮೊದಲ ಮನೆಗೆ 20 ಆಯ್ಕೆ, ಎರಡನೆಯದಕ್ಕೆ 19, ಆಮೇಲೆ 18. ಹೀಗೆ ಒಂದರ ತನಕ ಗುಣಿಸಬೇಕು. ಸೆಕೆಂಡಿಗೆ 100 ಕೋಟಿ ಸರದಿ ನೋಡುವ ಯಂತ್ರವನ್ನೇ ಕೂರಿಸಿ. ಮುಗಿಯಲು ಸುಮಾರು 77 ವರ್ಷ ಬೇಕು. ಇನ್ನೊಂದೇ ಒಂದು ಮನೆ ಸೇರಿಸಿ, 1600 ವರ್ಷ ದಾಟುತ್ತದೆ. ಎರಡು ಪಟ್ಟು ವೇಗದ ಯಂತ್ರ ತಂದರೂ 800 ವರ್ಷ. ಕೋಡಿನಲ್ಲಿ ಒಂದು ತಪ್ಪೂ ಇಲ್ಲ. ಆದರೂ ಅದು ಕೆಲಸಕ್ಕೆ ಬಾರದು.

ಹೀಗೆ ಎಣಿಸುವುದು ನಮಗೆ ಹೊಸದೇನಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅದರಲ್ಲಿ ಸಾಮಾನ್ಯ ಸೂತ್ರವೇ ಇದೆ.

ಸರಿ, ನಮ್ಮ ಹುಡುಗನ ಕಥೆ ಏನಾಯಿತು? 1962ರಲ್ಲಿ ಹೆಲ್ಡ್ ಮತ್ತು ಕಾರ್ಪ್ ಎಂಬ ಇಬ್ಬರು ಸಂಶೋಧಕರು ಒಂದು ಉಪಾಯ ಹೇಳಿದರು. ಅದೇ ಸುಮಾರಿಗೆ ಬೆಲ್‌ಮನ್ ಎಂಬ ಗಣಿತಜ್ಞ ಕೂಡ ಬೇರೆಯಾಗಿ ಅದನ್ನೇ ಕಂಡುಕೊಂಡ. ಹುಡುಗ ಒಂದು ಮನೆಯ ಬಾಗಿಲಲ್ಲಿದ್ದಾನೆ ಅಂದುಕೊಳ್ಳಿ. ಯಾವ ಯಾವ ಮನೆ ಮುಗಿದಿವೆ, ಈಗ ಎಲ್ಲಿ ನಿಂತಿದ್ದಾನೆ, ಇಷ್ಟು ಗೊತ್ತಿದ್ದರೆ ಮುಂದಿನ ದಾರಿಗೆ ಸಾಕು. ಮುಗಿದ ಮನೆಗಳನ್ನು ಯಾವ ಕ್ರಮದಲ್ಲಿ ಸುತ್ತಿದ ಎಂಬುದು ಬೇಡವೇ ಬೇಡ. ಆ ಕ್ರಮಗಳಲ್ಲಿ ಎಲ್ಲಕ್ಕಿಂತ ಕಮ್ಮಿ ದೂರ ಎಷ್ಟು ಅಂತ ಬರೆದಿಟ್ಟುಕೊಂಡರಾಯಿತು.

ಈಗ ಮತ್ತೆ ಎಣಿಸಿ. ಒಂದೊಂದು ಮನೆಯೂ ಮುಗಿದಿದೆ ಅಥವಾ ಮುಗಿದಿಲ್ಲ. 20 ಸಲ ಎರಡರಿಂದ ಗುಣಿಸಿದರೆ 10,48,576 ಸೆಟ್‌ಗಳು. ನಿಂತ ಜಾಗಕ್ಕೆ 20, ಮುಂದಿನ ಮನೆಗೆ 20. ಎಲ್ಲ ಸೇರಿ ಸುಮಾರು 42 ಕೋಟಿ ಹೆಜ್ಜೆ. ಸೆಕೆಂಡಿಗೆ 100 ಕೋಟಿ ಹೆಜ್ಜೆಯ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಬೇಡ! ಯಂತ್ರ ಹಳೆಯದೇ.

ಸೆಟ್ ಬಂತು, ಎಣಿಕೆ ಬಂತು, ದೊಡ್ಡ ಲೆಕ್ಕವನ್ನು ಅದರದೇ ಚಿಕ್ಕ ರೂಪದಿಂದ ಬಿಡಿಸುವ ರಿಕರ್ಷನ್ ಬಂತು. ಉತ್ತರ ಸರಿಯೇ ಎಂದು ತೋರಿಸಲು ಇಂಡಕ್ಷನ್ ಬೇಕು, ಅಂದರೆ ಚಿಕ್ಕದಕ್ಕೆ ಸರಿ ಎಂದು ತೋರಿಸಿ, ಅಲ್ಲಿಂದ ಒಂದೊಂದೇ ಹೆಜ್ಜೆ ದೊಡ್ಡದಕ್ಕೆ ಹೋಗುವ ವಿಧಾನ. ಇಂಡಕ್ಷನ್ ಪ್ರೂಫ್‌ಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುವವರು ಜಾಸ್ತಿ. ನನ್ನ ಮಾತು ಕೇಳುವುದಾದರೆ, ಮೊದಲು ಮೂರು ಮನೆ ಇಟ್ಟುಕೊಂಡು ಕೈಯಲ್ಲೇ ಬರೆಯಿರಿ. ಆರೇ ಸರದಿ. ಆಮೇಲೆ ನಾಲ್ಕು ಮನೆ, 24 ಸರದಿ. ಮೂರರ ಉತ್ತರ ನಾಲ್ಕಕ್ಕೆ ಎಲ್ಲಿ ನೆರವಾಯಿತು ಅಂತ ಕಂಡರೆ, ಪ್ರೂಫಿನ ಅರ್ಧ ಬರೆದಂತೆಯೇ.

40 ಮನೆಗಳಾದರೆ ಈ ಉಪಾಯವೂ 20 ದಿನ ತಿನ್ನುತ್ತದೆ. ಮೆಮೊರಿಯ ಮಾತಂತೂ ಬೇಡ. ಅಂಥ ಕಡೆ ಸುಮಾರಾಗಿ ಒಳ್ಳೆಯ ದಾರಿಯನ್ನೇ ಒಪ್ಪಿಕೊಳ್ಳುವುದುಂಟು. ಮನೆಗಳು ಎಷ್ಟಿದ್ದರೂ ಬೇಗ ಮುಗಿಸುವ ಉಪಾಯ ಯಾರಿಗೂ ಸಿಕ್ಕಿಲ್ಲ. ಅಂಥದ್ದು ಇಲ್ಲವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ. ಎರಡರಲ್ಲಿ ಒಂದನ್ನು ಸಾಧಿಸಿದವರಿಗೆ ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಇಟ್ಟ 10 ಲಕ್ಷ ಡಾಲರ್ ಬಹುಮಾನ ಇನ್ನೂ ಹಾಗೇ ಇದೆ. ನಮಸ್ಕಾರ.