ಬಿ ಫಾರಂಗೂ ಮುಂಚಿನ ಚುನಾವಣೆ

ಕೇಳುಗರೇ, ನಮಸ್ಕಾರ.

ವಿಧಾನಸಭೆಗೆ ನಿಲ್ಲುವವರಿಂದ ಕಾನೂನು ಕೇಳುವುದು ಕೊಂಚವೇ: 25 ವರ್ಷ ವಯಸ್ಸು, ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರು, 10,000 ರೂಪಾಯಿ ಠೇವಣಿ; ಪರಿಶಿಷ್ಟರಿಗೆ ಅದರ ಅರ್ಧ. ಓದಿನ ಮಾತೇ ಇಲ್ಲ. ಬಿ ಫಾರಂ, ಅಂದರೆ 'ಇವರೇ ನಮ್ಮ ಅಧಿಕೃತ ಅಭ್ಯರ್ಥಿ' ಎಂಬ ಪತ್ರ, ಕೊಡುವ ಪಕ್ಷದ ಪ್ರಶ್ನೆಗಳೇ ಬೇರೆ. ಯಾವ ಜಾತಿ, ಕ್ಷೇತ್ರದಲ್ಲಿ ಆ ಜಾತಿಯ ಮತ ಎಷ್ಟು, ದುಡ್ಡು ಹಾಕುವವರು ಯಾರು, ಯಾರ ಮನೆಯವರು? ಖರ್ಚಿನ ಮಿತಿ 40 ಲಕ್ಷ ಎಂದು ಕಾಗದದಲ್ಲಿದೆ, ಇರಲಿ ಬಿಡಿ.

2023ರಲ್ಲಿ ಕರ್ನಾಟಕದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಅವರಲ್ಲಿ ಹಲವರು ರಾಜಕಾರಣಿಗಳ ಮನೆಯವರು. ಕೆಜಿಎಫ್‌ನ ರೂಪಕಲಾ, ಕೆ.ಎಚ್. ಮುನಿಯಪ್ಪನವರ ಮಗಳು. ಮೂಡಿಗೆರೆಯ ನಯನಾ, ಮೋಟಮ್ಮನವರ ಮಗಳು. ಕಲಬುರಗಿ ಉತ್ತರದ ಕನೀಜ್ ಫಾತಿಮಾ, ಖಮರುಲ್ ಇಸ್ಲಾಂ ಅವರ ಪತ್ನಿ. ಮಹದೇವಪುರದ ಮಂಜುಳಾ, ಅರವಿಂದ ಲಿಂಬಾವಳಿಯವರ ಪತ್ನಿ. ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಗೆದ್ದ ಲತಾ ಮಲ್ಲಿಕಾರ್ಜುನ್ ಕೂಡ ಎಂ.ಪಿ. ಪ್ರಕಾಶರ ಮಗಳು. ಮನೆತನದ ಬೆಂಬಲವಿಲ್ಲದ ಹೆಣ್ಣುಮಕ್ಕಳನ್ನು ಮತದಾರ ಸೋಲಿಸುವುದಕ್ಕೂ ಮುಂಚೆ ಟಿಕೆಟ್ ಹಂಚುವವರೇ ಕೈಬಿಟ್ಟಿರುತ್ತಾರೆ ಎಂಬುದು ನನ್ನ ಎಣಿಕೆ.

ಹಾಗೆಂದು ಹೆಸರೊಂದೇ ದಡ ಸೇರಿಸುವುದಿಲ್ಲ. ಅಜ್ಜ, ಅಪ್ಪ, ಅಮ್ಮ ಮೂವರೂ ಗೆದ್ದಿದ್ದ ರಾಮನಗರದಲ್ಲಿ ಅದೇ ವರ್ಷ ನಿಖಿಲ್ ಕುಮಾರಸ್ವಾಮಿ ಸೋತರು. ಅತ್ತ ಚಿಕ್ಕಬಳ್ಳಾಪುರದಲ್ಲಿ ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು, ನೀಟ್ ತರಬೇತಿ ನಡೆಸುತ್ತಿದ್ದ ಪ್ರದೀಪ್ ಈಶ್ವರ್ ಆಗಿನ ಸಚಿವ ಕೆ. ಸುಧಾಕರ್ ಅವರನ್ನು ಮಣಿಸಿದರು. ಆದರೆ ಅವರ ಕೈಯಲ್ಲೂ ಕಾಂಗ್ರೆಸ್ಸಿನ ಬಿ ಫಾರಂ ಇತ್ತು, ಇದನ್ನು ಮರೆಯಬಾರದು.

ಅಭ್ಯರ್ಥಿಯ ಹಿನ್ನೆಲೆ ತಿಳಿಯಲು ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವಿದೆ. ಅಭ್ಯರ್ಥಿ, ಸಂಗಾತಿ, ಅವಲಂಬಿತರ ಆಸ್ತಿ, ಸಾಲ, ಐದು ವರ್ಷದ ಆದಾಯ, ಬಾಕಿ ಕ್ರಿಮಿನಲ್ ಮೊಕದ್ದಮೆ ಎಲ್ಲವೂ ಅದರಲ್ಲಿ ಬರಬೇಕು. ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ; ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗಬಹುದು. ಓದುವಾಗ ಒಟ್ಟು ಮೊತ್ತಕ್ಕೆ ನಿಲ್ಲಬೇಡಿ, ಹಿಂದಿನ ಚುನಾವಣೆಯ ಪ್ರಮಾಣಪತ್ರವನ್ನೂ ಪಕ್ಕದಲ್ಲಿಟ್ಟು ನೋಡಿ.

ಮೊಕದ್ದಮೆ ಇರುವವರನ್ನೇ ಆರಿಸಿದ್ದೇಕೆ ಎಂದು ಪಕ್ಷ ಕಾರಣ ಪ್ರಕಟಿಸಬೇಕು, ಬರೀ 'ಗೆಲ್ಲುತ್ತಾರೆ' ಎನ್ನುವುದು ಸಾಲದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಭ್ಯರ್ಥಿಯೂ ತನ್ನ ಮೊಕದ್ದಮೆಗಳ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆಯಲ್ಲೂ ಟಿವಿಯಲ್ಲೂ ಕೊಡಬೇಕು. ಪತ್ರಿಕೆಯಲ್ಲಿ ಅಕ್ಷರದ ಗಾತ್ರ ಕನಿಷ್ಠ 12 ಪಾಯಿಂಟ್ ಇರಬೇಕು. ಒಳಪುಟಗಳಲ್ಲಿ ಹುಡುಕಿ.