ಕಡಲೆ ಬೇರು ಮತ್ತು ಹಗೇವಿನ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಊಟ ಮುಗಿಸಿ, ಸುಲಗಾಯಿಗೆ ಅಂತ ಕಡಲೆ ಗಿಡ ಕೀಳುತ್ತೇವೆ. ಕಾಯಿ ಬಿಡಿಸಿಕೊಂಡು ಗಿಡವನ್ನು ಬದುವಿಗೆ ಒಗೆಯುತ್ತೇವೆ. ಈ ಸಲ ಒಗೆಯುವ ಮುಂಚೆ ಬೇರನ್ನೊಮ್ಮೆ ನೋಡಿ. ಗೇಣುದ್ದದ ತಾಯಿಬೇರು, ಅದಕ್ಕೆ ಅಂಟಿದ ಸಣ್ಣ ಸಣ್ಣ ಗಂಟುಗಳು, ತುದಿ ಮಾತ್ರ ಹರಿದಿರುತ್ತದೆ. ಉಳಿದ ಬೇರು ಎರೆ ಮಣ್ಣಿನೊಳಗೇ ಇರುತ್ತದೆ. ಇವತ್ತಿನ ಮಾತು ಕೈಗೆ ಬಾರದ ಆ ಬೇರಿನದು.

ಕಡಲೆ ಹಿಂಗಾರಿ ಬೆಳೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆ ಮಣ್ಣು ಹಿಡಿದಿಟ್ಟ ತೇವವೇ ಗತಿ. ಆ ತೇವ ಮೇಲಿನಿಂದ ಆರುತ್ತಾ ಬರುತ್ತದೆ. ಕಾಯಿ ಗಟ್ಟಿಯಾಗುವ ಹೊತ್ತಿಗೆ ಹೊಲ ಬಿರುಕು ಬಿಟ್ಟಿರುತ್ತದೆ. ಹಾಗಾದ್ರೆ ಆಳಕ್ಕೆ ಇಳಿಯುವ ಬೇರಿದ್ದ ಗಿಡವೇ ಗೆಲ್ಲಬೇಕು, ಅಲ್ವಾ?

ವಿಜ್ಞಾನಿಗಳೂ ಬಹಳ ವರ್ಷ ಇದೇ ಜಾಡು ಹಿಡಿದು ಹೋದರು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆ ಇದೆ. ಅಲ್ಲಿ ಐಸಿಸಿ 4958 ಎಂಬ ಕಡಲೆ ತಳಿ ದೊಡ್ಡ ಬೇರಿಗೆ ಹೆಸರಾಯಿತು. ಹೋಲಿಸಿ ನೋಡಲು ಅದರ ಪಕ್ಕ ಇಟ್ಟದ್ದು ಯಾವುದು ಗೊತ್ತೇ? ನಮ್ಮ ಧಾರವಾಡ ಜಿಲ್ಲೆಯ ಊರಿನ ಹೆಸರು ಹೊತ್ತ ಅಣ್ಣಿಗೇರಿ ತಳಿ! ಅಣ್ಣಿಗೇರಿಗಿಂತ ಐಸಿಸಿ 4958ರ ಬೇರಿನ ತೂಕ ಸುಮಾರು 30 ಪರ್ಸೆಂಟ್ ಜಾಸ್ತಿ.

ಬೇರು ಅಳೆಯುವುದು ಸುಮ್ನೆ ಅಲ್ಲ. ನಾಲ್ಕು ಅಡಿ ಉದ್ದದ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ, ಎರೆ ಮಣ್ಣಿಗೆ ಮರಳು ಬೆರೆಸಿ ತುಂಬುತ್ತಾರೆ. ಅದರಲ್ಲಿ ಕಡಲೆ ಬಿತ್ತಿ, 35 ದಿನವಾದ ಮೇಲೆ ಪೈಪಿನಿಂದ ಮಣ್ಣಿನ ಕಂಬವನ್ನು ಹೊರಗೆ ತೆಗೆದು, ಮೆಲ್ಲಗೆ ನೀರು ಬಿಟ್ಟು ತೊಳೆಯುತ್ತಾರೆ. ಮಣ್ಣು ಹೋಗಬೇಕು, ಕೂದಲೆಳೆಯಂಥ ಬೇರು ಉಳಿಯಬೇಕು. ಹೀಗೆ ನೂರಾರು ತಳಿಗಳನ್ನು ತೊಳೆದಿದ್ದಾರೆ. ಅಕ್ಕಿ ತೊಳೆಯುವಾಗ ನಾಲ್ಕು ಕಾಳು ಜಾರಿದರೆ ಬೇಜಾರಾಗುವ ನಮಗೆ ಆ ತಾಳ್ಮೆ ಎಲ್ಲಿಂದ ಬರಬೇಕು!

ಆಮೇಲೆ ಅದೇ ಸಂಸ್ಥೆಯಲ್ಲಿ ಇನ್ನೊಂದು ದಾರಿ ಹಿಡಿದರು. ಬೇರು ತೊಳೆಯುವ ಬದಲು ಗಿಡದ ಸಮೇತ ಪೈಪನ್ನೇ ಮತ್ತೆ ಮತ್ತೆ ತೂಗಿದರು. ತೂಕ ಇಳಿದಷ್ಟು ನೀರನ್ನು ಗಿಡ ಕುಡಿದಿದೆ ಎಂದು ಲೆಕ್ಕ. 2011ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಬರ ತಡೆಯುವ ತಳಿಗೂ, ತಡೆಯದ ತಳಿಗೂ ಒಟ್ಟು ಕುಡಿದ ನೀರಿನಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಇದ್ದದ್ದು ಯಾವಾಗ ಕುಡಿದವು ಎನ್ನುವುದರಲ್ಲಿ. ಬರ ತಡೆಯುವ ತಳಿಗಳು ತೇವ ಚೆನ್ನಾಗಿದ್ದಾಗಲೇ ಎಲೆಯಿಂದ ನೀರು ಜಾಸ್ತಿ ಹೋಗದಂತೆ ನೋಡಿಕೊಂಡಿದ್ದವು. ಹೂ ಬಿಟ್ಟ ಮೇಲೆ, ಕಾಳು ತುಂಬುವಾಗ, ಉಳಿಸಿದ್ದನ್ನು ಎಳೆದುಕೊಂಡವು.

ನಮ್ಮ ಹಿರಿಯರು ನೆಲದೊಳಗೆ ಕಾಳು ತುಂಬಿಡುತ್ತಿದ್ದ ಹಗೇವು ನೆನಪಾಗುತ್ತದೆ. ಹಗೇವು ಎಷ್ಟು ಆಳ ಇದ್ದರೇನು, ಸುಗ್ಗಿ ಮುಗಿದ ತಿಂಗಳಿಗೇ ಬಾಯಿ ತೆಗೆದು ಕೂತರೆ ಬೇಸಿಗೆಗೆ ಜೋಳ ಎಲ್ಲಿಂದ ತರುವುದು?

ಹಾಗಂತ ಉದ್ದ ಬೇರು ದಂಡ ಅಂತ ನಾನು ಹೇಳುತ್ತಿಲ್ಲ. ಐಸಿಸಿ 4958ರ ಗುಣವನ್ನು ಪೂಸಾ 372 ತಳಿಗೆ ಸೇರಿಸಿ ಮಾಡಿದ ಪೂಸಾ 10216 ಕಡಲೆ 2019ರಲ್ಲಿ ಮಧ್ಯ ಭಾರತಕ್ಕೆ ಬಿಡುಗಡೆಯಾಯಿತು. ಆದರೆ ಬೇರು ಬೆಳೆಸುವುದಕ್ಕೂ ಗಿಡಕ್ಕೆ ಖರ್ಚಿದೆ. ಎಲೆ ಮಾಡಿದ ಆಹಾರದಲ್ಲೇ ಅದು ಬೆಳೆಯಬೇಕು. ಎರಡು ಅಡಿ ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಗುವ ಹೊಲದಲ್ಲಿ ಆ ಖರ್ಚು ಮಾಡಿ ಏನು ಬಂತು? ಗಂಟುಗಳ ಕಥೆ ಇನ್ನೂ ಬೇರೆ. ಅವು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ. ಅಲ್ಲಿ ತೇವ ಆರಿದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ಕುಂಟುತ್ತದೆ, ಕೆಳಗೆ ತೇವ ಇದ್ದರೂ ಕೂಡ.

ಒಂದು ಕೆಲಸ ಮಾಡಿ. ಸುಗ್ಗಿಗೆ ಕಡಲೆ ಕಿತ್ತ ಮರುದಿನವೇ ಸಾಲಿನ ನಡುವೆ ಮೂರು ಅಡಿ ಗುಂಡಿ ತೆಗೆದು, ಬುಡದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ. ಉಂಡೆ ಕಟ್ಟಿದರೆ ಅಲ್ಲಿ ತೇವ ಉಳಿದಿದೆ, ನಿಮ್ಮ ತಳಿಯ ಬೇರು ಅದನ್ನು ಪೂರ್ತಿ ಎಳೆದುಕೊಂಡಿಲ್ಲ. ಉದ್ದ ಬೇರಿನ ತಳಿ ನಿಮಗೆ ಕೆಲಸಕ್ಕೆ ಬಂದೀತು. ಮಣ್ಣು ಪುಡಿಪುಡಿಯಾಗಿ ಉದುರಿದರೆ ಇದ್ದ ನೀರೆಲ್ಲ ಖಾಲಿ. ಆಗ ಬೇರಿನ ಮಾತು ಬಿಡಿ. ತೇವ ಉಳಿಸುವುದನ್ನು ನೋಡಿ: ಮುಂದಿನ ವರ್ಷ ಬಿರುಕು ಬಿಡುವ ಮುಂಚೆಯೇ ಎಡೆ ಹೊಡೆಯಿರಿ, ಬದು ಒಡೆದಿದ್ದರೆ ಈ ಬೇಸಿಗೆಯಲ್ಲೇ ಕಟ್ಟಿಕೊಳ್ಳಿ.

ನಮಸ್ಕಾರ.