ಸೋಸುವುದು ಬೇರೆ, ಬದಲಿಸುವುದು ಬೇರೆ: ವಾಹನದೊಳಗಿನ ಗಾಳಿಯನ್ನು ಕುರಿತು

ಅಧ್ಯಕ್ಷರೆ, ಸಂಘಟಕ ಮಿತ್ರರೆ, ಸಭಿಕರೆ,

ಈ ಮೇಜಿನ ಮೇಲೆ ಎರಡು ವಸ್ತುಗಳನ್ನು ಇರಿಸಿದ್ದೇನೆ. ಎರಡೂ ಒಂದೇ ಅಳತೆಯವು, ಒಂದೇ ಕಾರಿನೊಳಗೆ ಕೂರುವಂಥವು. ಒಂದು ಅಚ್ಚ ಬಿಳಿ. ಇನ್ನೊಂದರ ಬಣ್ಣಕ್ಕೆ ಏನು ಹೆಸರಿಡಬೇಕೆಂಬುದನ್ನು ನೀವೇ ಹೇಳಬೇಕು. ಬಿಳಿಯದನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕೈಯಿಂದ ಕೈಗೆ ದಾಟಿಸಿ ನೋಡಬಹುದು. ಮತ್ತೊಂದನ್ನು ನಾನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ಇವುಗಳಿಗೆ ಕ್ಯಾಬಿನ್ ಏರ್ ಫಿಲ್ಟರ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಎಸಿ ಫಿಲ್ಟರ್ ಎಂಬ ಮಾತೇ ರೂಢಿ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರನ್ನು ಪ್ರತಿ ಸರ್ವಿಸ್‌ನಲ್ಲಿಯೂ ಮರೆಯದೆ ವಿಚಾರಿಸುವ ನಾವು, ನಮ್ಮ ಶ್ವಾಸಕೋಶಕ್ಕೆ ಹೋಗುವ ಗಾಳಿಯನ್ನು ಸೋಸುವ ಈ ವಸ್ತು ವಾಹನದಲ್ಲಿ ಎಲ್ಲಿದೆ ಎಂಬುದನ್ನೂ ಅರಿಯದೆ ವರ್ಷಗಟ್ಟಲೆ ಓಡಾಡುತ್ತೇವೆ ಎಂಬ ಸಂಕಟವೇ ನನ್ನನ್ನು ಇಲ್ಲಿಗೆ ಎಳೆದು ತಂದಿದೆ.

ಆದರೆ ಫಿಲ್ಟರಿನ ಗುಣಗಾನಕ್ಕೆಂದು ನಾನು ಬಂದಿಲ್ಲ. ಮುಚ್ಚಿದ ವಾಹನದಲ್ಲಿ ಗಾಳಿಗೆ ಎರಡು ಬಗೆಯ ಉಪಚಾರ ಆಗಬೇಕಾಗುತ್ತದೆ. ಒಂದು, ಅದರಲ್ಲಿರುವ ಧೂಳು, ಮಸಿ, ಪರಾಗಗಳನ್ನು ಹಿಡಿದಿಡುವುದು. ಇನ್ನೊಂದು, ನಾವು ಉಸಿರಾಡಿ ಬಿಟ್ಟ ಗಾಳಿಯನ್ನು ಹೊರಗೆ ಕಳಿಸಿ ಹೊಸ ಗಾಳಿಯನ್ನು ತರುವುದು. ಸೋಸುವುದು ಬೇರೆ, ಬದಲಿಸುವುದು ಬೇರೆ. ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು, ಈ ಮಾತನ್ನು ಇವತ್ತು ಹಲವು ಸಲ ಹೇಳುವವನಿದ್ದೇನೆ. ಬೇಸರವಾದವರು ಲೆಕ್ಕ ಇಟ್ಟುಕೊಳ್ಳಬಹುದು.

ಈ ವ್ಯತ್ಯಾಸವನ್ನು ನನಗೆ ಕಲಿಸಿದ್ದು ಪಠ್ಯಪುಸ್ತಕವಲ್ಲ, ನನ್ನ ಭಾವಮೈದುನ. ಹಲವು ವರ್ಷಗಳ ಹಿಂದೆ ನಾವು ನಾಲ್ವರು, ಎಂದರೆ ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುತ್ತಿದ್ದ ಮಗಳು ಮತ್ತು ಈ ಭಾವಮೈದುನ, ಬೆಳಗಿನ ಜಾವವೇ ಹೊರಟು ದೂರದ ಪ್ರಯಾಣದಲ್ಲಿದ್ದೆವು. ಹೊರಗೆ ಜಿಟಿಜಿಟಿ ಮಳೆ, ಆದ್ದರಿಂದ ಗಾಜುಗಳೆಲ್ಲ ಮೇಲೆ; ಒಳಗೆ ಎಸಿ. ಕಾರು ಕೊಂಡ ದಿನ ಮಾರಾಟದವರು ಒಂದು ಗುಂಡಿಯನ್ನು ತೋರಿಸಿ, ಇದನ್ನು ಒತ್ತಿಟ್ಟರೆ ಬೇಗ ತಂಪಾಗುತ್ತದೆ ಸರ್ ಎಂದಿದ್ದರು. ಕಾರಿನ ಚಿತ್ರದೊಳಗೆ ಬಾಣವೊಂದು ಸುತ್ತಿ ಬಂದಿರುವ ಗುಂಡಿ ಅದು; ಹೊರಗಾಳಿಯನ್ನು ತಡೆದು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವಂಥದು. ಅಂದು ಒತ್ತಿದ್ದನ್ನು ನಾನು ಮತ್ತೆ ಮುಟ್ಟಿರಲಿಲ್ಲ. ಹೊರಟು ಮುಕ್ಕಾಲು ಗಂಟೆಯಾಗಿರಬೇಕು. ಮೊದಲು ಮಗಳು ಮಲಗಿದಳು, ಅದು ಸಹಜ. ಅನಂತರ ಯಾವ ಪ್ರಯಾಣದಲ್ಲಿಯೂ ನಿದ್ರಿಸದ, ನಿದ್ರಿಸದೆ ನನ್ನ ಚಾಲನೆಯನ್ನು ತಿದ್ದುತ್ತಲೇ ಇರುವ ನನ್ನ ಹೆಂಡತಿಯೂ ಮೌನವಾದಳು. ಆ ಮೌನವನ್ನು ನಾನು ಭಾಗ್ಯವೆಂದು ಬಗೆದೆನೇ ಹೊರತು ಎಚ್ಚರಿಕೆಯೆಂದು ಬಗೆಯಲಿಲ್ಲ. ಆಕಳಿಕೆಯ ಮೇಲೆ ಆಕಳಿಕೆ ಬಂದು ನನಗೂ ರೆಪ್ಪೆ ಭಾರವಾಗತೊಡಗಿದಾಗ, ಹಿಂದಿನ ಸೀಟಿನಲ್ಲಿದ್ದ ಭಾವಮೈದುನ ಹೊಟ್ಟೆ ತೊಳಸುತ್ತಿದೆ ಎಂದು ಗೊಣಗಿ, ನನ್ನನ್ನು ಕೇಳದೆಯೇ ಗಾಜನ್ನು ಪೂರ್ತಿ ಕೆಳಗಿಳಿಸಿಬಿಟ್ಟ. ಮಳೆಯ ಎರಚಲು ಹೊಸ ಸೀಟಿನ ಮೇಲೆ ಬಿದ್ದದ್ದನ್ನು ಕನ್ನಡಿಯಲ್ಲಿ ಕಂಡು ನಾನು ರೇಗಿದೆ. ಅವನು ತಲೆಯನ್ನು ಅರ್ಧ ಹೊರಗೆ ಹಾಕಿಕೊಂಡೇ, "ಭಾವ, ಬೈಯುವುದನ್ನು ಆಮೇಲೆ ಬೈಯಿರಿ, ಮೊದಲು ಉಸಿರಾಡಲು ಬಿಡಿ" ಎಂದ. ಎರಡು ನಿಮಿಷವೂ ಕಳೆದಿರಲಿಲ್ಲ, ಮಗಳು ಎದ್ದು ಎಲ್ಲಿಗೆ ಬಂದೆವು ಎಂದು ಕೇಳಿದಳು, ನನ್ನ ಹೆಂಡತಿ ಗೇರು ಬದಲಿಸುವ ವಿಷಯದಲ್ಲಿ ಸಲಹೆ ಕೊಡಲು ಆರಂಭಿಸಿದಳು, ನನ್ನ ತಲೆಯ ಭಾರ ಇಳಿದಿತ್ತು.

ವಾಹನದ ಇಂಜಿನ್ನಿನೊಳಗೆ ಗಾಳಿ ಹೇಗೆ ಹರಿಯುತ್ತದೆಂದು ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದವನಿಗೆ ತಾನು ಕುಳಿತ ಕೋಣೆಯ ಗಾಳಿಯ ಲೆಕ್ಕ ಹೊಳೆದಿರಲಿಲ್ಲ. ಲೆಕ್ಕವಾದರೂ ಕಷ್ಟದ್ದಲ್ಲ. ಸುಮ್ಮನೆ ಕುಳಿತ ಒಬ್ಬ ವಯಸ್ಕರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾರೆ. ನಾಲ್ವರಿಗೆ 72 ಲೀಟರ್, ಅಂದರೆ ಹತ್ತು ನಿಮಿಷಕ್ಕೆ 12 ಲೀಟರ್. ಸಾಧಾರಣ ಕಾರಿನೊಳಗೆ ಹಿಡಿಯುವ ಗಾಳಿ ಹೆಚ್ಚುಕಡಿಮೆ 3,000 ಲೀಟರ್. ಎಲ್ಲಿಯೂ ಸೋರಿಕೆಯಿಲ್ಲವೆಂದು ಇಟ್ಟುಕೊಂಡರೆ, ಹತ್ತೇ ನಿಮಿಷದಲ್ಲಿ ಆ ಅನಿಲದ ಪ್ರಮಾಣ ದಶಲಕ್ಷಕ್ಕೆ 4,000 ಭಾಗಗಳಷ್ಟು ಏರುತ್ತದೆ. ಹೊರಗಿನ ಬಯಲಿನಲ್ಲಿ ಅದು ಇರುವುದು ಸುಮಾರು 420 ಭಾಗ. ಕಟ್ಟಡಗಳಲ್ಲಿ 1,000 ದಾಟಿದರೆ ಗಾಳಿಯ ಓಡಾಟ ಸಾಲದೆಂದು ತಿಳಿಯುವುದು ವಾಡಿಕೆ, ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 5,000. ನಿಜವಾದ ಕಾರುಗಳು ಸಂದುಗೊಂದುಗಳಲ್ಲಿ ಸೋರುವುದರಿಂದ ಏರಿಕೆ ಇಷ್ಟು ಚುರುಕಾಗಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಆಮೇಲೆ ಅಳೆಯುವ ಪುಟ್ಟ ಯಂತ್ರವೊಂದನ್ನು ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಅದೇ ನಾಲ್ವರನ್ನು ಕೂರಿಸಿಕೊಂಡು, ಅದೇ ಗುಂಡಿಯನ್ನು ಒತ್ತಿ ಹೊರಟಾಗ, ಅಂಕಿ 1,000 ದಾಟಲು ಐದು ನಿಮಿಷ ಬೇಕಾಗಲಿಲ್ಲ. ಇದು ಪ್ರಾಣ ತೆಗೆಯುವ ಮಟ್ಟವಲ್ಲ. ಆದರೆ ತಲೆಭಾರ, ಜಡತೆ, ತೂಕಡಿಕೆಗಳ ದೂರು ಕೇಳಿಬರುವ ಮಟ್ಟ. ಚಕ್ರ ಹಿಡಿದು ಕುಳಿತವರಿಗೆ ಅಷ್ಟೇ ಸಾಕು.

ಮೂರನೆಯ ಸಾಲಿನ ಹಿರಿಯರೊಬ್ಬರು ಆಗಲೇ ಕಣ್ಣು ಮುಚ್ಚಿದ್ದಾರೆ. ಅದಕ್ಕೆ ಕಾರಣ ನನ್ನ ಮಾತೋ ಈ ಸಭಾಂಗಣದ ಮುಚ್ಚಿದ ಕಿಟಕಿಗಳೋ ತಿಳಿಯದು. ದಯವಿಟ್ಟು ಯಾರಾದರೂ ಹಿಂದಿನ ಎರಡು ಕಿಟಕಿಗಳನ್ನು ತೆರೆಯುವಿರಾ?

ಈಗ, ಅಂದು ಆ ಕಾರಿನಲ್ಲಿ ಅತ್ಯುತ್ತಮ ಫಿಲ್ಟರ್ ಇದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಇಂಗಾಲದ ಡೈಆಕ್ಸೈಡನ್ನಾಗಲಿ, ಅದಕ್ಕಿಂತ ಬಹಳ ಅಪಾಯಕಾರಿಯಾದ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡನ್ನಾಗಲಿ ಈ ಫಿಲ್ಟರುಗಳು ತಡೆಯಲಾರವು. ಸೋಸುವುದು ಬೇರೆ, ಬದಲಿಸುವುದು ಬೇರೆ.

ಹಾಗಾದರೆ ಫಿಲ್ಟರ್ ಮಾಡುವುದೇನು? ನಿಮ್ಮ ಕೈಯಲ್ಲಿರುವುದನ್ನು ಬೆಳಕಿಗೆ ಹಿಡಿದು ನೋಡಿ. ಸೀರೆಯ ನೆರಿಗೆಯಂತೆ ಮಡಿಚಿರುವುದು, ಸಣ್ಣ ಜಾಗದಲ್ಲಿ ಹೆಚ್ಚು ಹರವನ್ನು ಹಿಡಿಸುವುದಕ್ಕೆ. ಅದು ನೇಯ್ದ ಬಟ್ಟೆಯಲ್ಲ, ಪ್ಲಾಸ್ಟಿಕ್ ಜಾತಿಯ ನವಿರು ಎಳೆಗಳನ್ನು ಅಡ್ಡಾದಿಡ್ಡಿಯಾಗಿ ಒತ್ತಿ ಮಾಡಿದ ಹಾಳೆ. ಇದನ್ನು ಜರಡಿಯೆಂದು ತಿಳಿಯುವುದೇ ಎಲ್ಲರೂ ಮಾಡುವ ತಪ್ಪು. ಜರಡಿ ತನ್ನ ಕಣ್ಣಿಗಿಂತ ದೊಡ್ಡದನ್ನು ಮಾತ್ರ ತಡೆಯುತ್ತದೆ. ಇಲ್ಲಿ ಎಳೆಗಳ ನಡುವಿನ ಸಂದು ಹಲವು ಕಣಗಳಿಗಿಂತ ಎಷ್ಟೋ ದೊಡ್ಡದು, ಆದರೂ ಅವು ಸಿಕ್ಕಿಬೀಳುತ್ತವೆ. ದೊಡ್ಡ ಕಣಗಳು, ಗಾಳಿ ಎಳೆಯನ್ನು ಬಳಸಿ ತಿರುಗಿದಾಗ ತಾವು ತಿರುಗಲಾರದೆ, ವೇಗದಲ್ಲಿ ಬಂದ ಸೈಕಲ್ ಸವಾರ ತಿರುವಿನಲ್ಲಿ ಬೇಲಿಗೆ ಬೀಳುವಂತೆ ಎಳೆಗೆ ಬಡಿಯುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ಏಟಿಗೆ ಅತ್ತಿತ್ತ ತತ್ತರಿಸುತ್ತಾ ಎಲ್ಲೋ ಒಂದು ಎಳೆಗೆ ತಗುಲಿ ಅಂಟಿಕೊಳ್ಳುತ್ತವೆ. ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮವಾದವು ನಡುವಿನ ಗಾತ್ರದವು, ಸರಿಸುಮಾರು 0.3 ಮೈಕ್ರಾನಿನವು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ); ಆದ್ದರಿಂದಲೇ ಹೆಪಾ ಎಂಬ ದರ್ಜೆಯ ಫಿಲ್ಟರುಗಳನ್ನು ಆ ಗಾತ್ರದ ಕಣಗಳಿಂದಲೇ ಪರೀಕ್ಷಿಸಿ, 100ಕ್ಕೆ 99.97ರಷ್ಟನ್ನು ಹಿಡಿಯಬೇಕೆಂದು ಕೇಳುತ್ತಾರೆ. ಕಾರುಗಳಲ್ಲಿರುವ ಸಾಧಾರಣ ಫಿಲ್ಟರ್ ಆ ದರ್ಜೆಗೆ ಏರುವುದಿಲ್ಲ. ಅದರ ನಿಜವಾದ ಬಂಡವಾಳವೆಂದರೆ ಎಳೆಗಳಲ್ಲಿ ತುಂಬಿರುವ ಸ್ಥಾಯಿ ವಿದ್ಯುತ್ತು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಹಾಗೆ ಈ ಎಳೆಗಳು ಕಣಗಳನ್ನು ಸೆಳೆದುಕೊಳ್ಳುತ್ತವೆ.

ಇದನ್ನು ತಿಳಿದವರು ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದಿಲ್ಲ. ತೊಳೆಯಬಹುದೆಂದು ತಯಾರಕರೇ ಬರೆದಿರುವ ಕೆಲವು ಬಗೆಗಳ ಮಾತು ಬೇರೆ. ಉಳಿದವುಗಳಲ್ಲಿ ನೀರು ಆ ವಿದ್ಯುತ್ತಿನ ಸೆಳೆತವನ್ನು ಕುಂದಿಸುತ್ತದೆ, ಒದ್ದೆಯಾಗಿಯೇ ಕೂರಿಸಿದರೆ ಬೂಷ್ಟು ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಕಂಪ್ರೆಸರ್ ಗಾಳಿ ಹೊಡೆದು, ಕ್ಲೀನ್ ಆಯಿತು ಸರ್ ಎಂದು ಅದನ್ನೇ ಮತ್ತೆ ತುರುಕುವುದೂ ಇದೇ ಜಾತಿಯದು. ಮೇಲಿನ ಮಣ್ಣು ಹಾರುತ್ತದೆ, ಎಳೆ ಹರಿಯುತ್ತದೆ, ನೋಡಲು ಬೆಳ್ಳಗಾಗುತ್ತದೆ.

ಇದ್ದಿಲಿನ ಪದರವಿರುವ, ಬೂದು ಬಣ್ಣದ ಫಿಲ್ಟರುಗಳೂ ಇವೆ. ಒಂದು ಗ್ರಾಂ ಸಕ್ರಿಯ ಇದ್ದಿಲಿನೊಳಗಿನ ರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ಓಝೋನ್, ನೈಟ್ರೋಜನ್ ಡೈಆಕ್ಸೈಡ್, ಪೆಟ್ರೋಲಿನ ಆವಿಯಂಥವು ಆ ಮೈಗೆ ಅಂಟುತ್ತವೆ. ಮೈಯೆಲ್ಲ ತುಂಬಿದ ಮೇಲೆ ಅಂಟುವುದು ನಿಲ್ಲುತ್ತದೆ. ಹೊರಗಿನಿಂದ ನೋಡಿ ಅದನ್ನು ಕಂಡುಹಿಡಿಯಲು ಸಾಧ್ಯವಿಲ್ಲ.

ಸೋಸುವುದರ ಅಗತ್ಯವನ್ನು ನಾನು ಕಡೆಗಣಿಸುತ್ತಿಲ್ಲ. ರಸ್ತೆಯ ನಡುವೆ ಇರುವ ವಾಹನ, ಮುಂದಿನ ವಾಹನದ ಹೊಗೆಕೊಳವೆಗೆ ಕೆಲವೇ ಅಡಿ ದೂರದಲ್ಲಿ ನಿಂತು ಉಸಿರೆಳೆದುಕೊಳ್ಳುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿಯೇ ವರ್ಗೀಕರಿಸಿದೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು 2021ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದ್ದರಿಂದ ಇಕ್ಕಟ್ಟು ನಿಜವಾದದ್ದೇ: ಹೊರಗಿನ ಗಾಳಿಗೆ ಬಾಗಿಲು ತೆರೆದರೆ ಮಸಿ, ಮುಚ್ಚಿದರೆ ನಮ್ಮದೇ ಉಸಿರು. ಒಳಗಾಳಿಯನ್ನು ತಿರುಗಿಸುವ ಗುಂಡಿಯನ್ನು ನಾನು ಶಪಿಸುತ್ತಿಲ್ಲ. ಸುರಂಗದೊಳಗೆ, ಹೊಗೆಯುಗುಳುವ ಲಾರಿಯ ಹಿಂದೆ, ಬಿಸಿಲಲ್ಲಿ ನಿಂತು ಕಾದ ಕಾರನ್ನು ತಂಪಾಗಿಸುವ ಮೊದಲ ಕೆಲವು ನಿಮಿಷ ಅದು ಬೇಕೇ ಬೇಕು. ಅದನ್ನು ಒತ್ತಿ ಮರೆಯುವುದನ್ನು ಮಾತ್ರ ಶಪಿಸುತ್ತೇನೆ, ಮರೆತವರಲ್ಲಿ ನಾನೇ ಮೊದಲಿಗನಾದ್ದರಿಂದ.

ಈ ಮರೆವು ಹಳೆಯದು. 1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿ ಹೊರಗಾಳಿಯನ್ನು ಒಳಗೆ ಸೆಳೆದು, ಸೋಸಿ, ಬೆಚ್ಚಗೆ ಮಾಡಿ ಕೊಡುವ ವ್ಯವಸ್ಥೆಯನ್ನು ತನ್ನ ಕಾರುಗಳಲ್ಲಿ ತಂದಿತ್ತು. ಸೋಸುವುದೂ ಬದಲಿಸುವುದೂ ಅಲ್ಲಿ ಜೊತೆಗೇ ಇದ್ದವು. ಎರಡೇ ವರ್ಷದಲ್ಲಿ, 1940ರ ಮಾದರಿಯಲ್ಲಿ, ಪ್ಯಾಕಾರ್ಡ್ ಕಂಪನಿ ಕಾರಿಗೆ ಎಸಿ ಹಾಕಿತು. ಅದು ಒಳಗಿನ ಗಾಳಿಯನ್ನೇ ಸುತ್ತಿಸುತ್ತಿತ್ತು, ಹೊರಗಾಳಿಯ ಸೋಂಕೇ ಇರಲಿಲ್ಲ. ಅದನ್ನು ಪೂರ್ತಿ ನಿಲ್ಲಿಸಬೇಕಾದರೆ ಚಾಲಕರು ಇಳಿದು, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು. ನಮ್ಮ ಗುಂಡಿ ಬೆರಳಿಗೆಟಕುವ ದೂರದಲ್ಲಿದ್ದರೂ ನಾವು ಅಷ್ಟೇ ಕಷ್ಟಪಡುತ್ತೇವೆ.

1964ರ ಕೊನೆಯಲ್ಲಿ ಬ್ರಿಟನ್ನಿನ ಫೋರ್ಡ್ ಕಾರ್ಟಿನಾದಲ್ಲಿ, ಗಾಜು ಮುಚ್ಚಿದ್ದರೂ ಗಾಳಿ ಮುಂದಿನಿಂದ ಬಂದು ಹಿಂದಿನಿಂದ ಹೋಗುವ ಏರ್ಪಾಟು ಬಂತು. ಇಂತಹ ಏರ್ಪಾಟುಗಳು ಹರಡಿದ ಮೇಲೆ, ಮುಂದಿನ ಬಾಗಿಲಿನ ಮೂಲೆಯಲ್ಲಿ ತಿರುಗಿಸಿ ತೆರೆಯುತ್ತಿದ್ದ ತ್ರಿಕೋನದ ಪುಟ್ಟ ಗಾಜು ಮೆಲ್ಲಗೆ ಮರೆಯಾಯಿತು. ಗಾಳಿ ಒಳಬರುವುದು ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ಜಾಲರಿಯಿಂದ. ಓಡುವ ವಾಹನದಲ್ಲಿ ಗಾಳಿಯ ಒತ್ತಡ ಅಲ್ಲಿ ಹೆಚ್ಚಿರುತ್ತದೆ. ಹೊರಹೋಗುವುದು ಬಹುತೇಕ ಕಾರುಗಳಲ್ಲಿ ಡಿಕ್ಕಿಯ ಪಕ್ಕ, ಹಿಂದಿನ ಬಂಪರಿನ ಮರೆಯಲ್ಲಿರುವ ರಬ್ಬರ್ ರೆಪ್ಪೆಗಳಿಂದ. ಗಾಜೆಲ್ಲ ಮುಚ್ಚಿ ಬಾಗಿಲನ್ನು ಜೋರಾಗಿ ಹಾಕಿದಾಗ ಕಿವಿ ಗವ್ವೆನ್ನದಂತೆ ಕಾಯುವುದೂ ಆ ರೆಪ್ಪೆಗಳೇ. ಡಿಕ್ಕಿಯಲ್ಲಿ ಸಾಮಾನು ಒತ್ತಿ ಆ ಕಿಂಡಿಗಳನ್ನು ಮುಚ್ಚಿದರೆ, ಹೊರದಾರಿ ಕಾಣದ ಗಾಳಿ ಒಳಗೆ ಬರಲೂ ಹಿಂಜರಿಯುತ್ತದೆ.

ಅಧ್ಯಕ್ಷರಿಂದ ಚೀಟಿ ಬಂದಿದೆ, ಐದು ನಿಮಿಷವಂತೆ. ಬಸ್ಸುಗಳ ವಿಚಾರವನ್ನು ಹೇಳಬೇಕೆಂದಿದ್ದೆ, ಬ್ಯಾಟರಿ ಕಾರುಗಳ ವಿಚಾರವನ್ನೂ ಹೇಳಬೇಕೆಂದಿದ್ದೆ; ಎರಡನ್ನೂ ಬಿಡುತ್ತೇನೆ. ಮಳೆಯಲ್ಲಿ ಗಾಜು ಮಂಜಾಗುವುದು ನಮ್ಮ ಉಸಿರಿನ ತೇವದಿಂದ. ಆಗ ಹೊರಗಾಳಿಯನ್ನು ತೆರೆದು ಎಸಿಯನ್ನೂ ಹಾಕಿದರೆ ಗಾಜು ಬೇಗ ತಿಳಿಯಾಗುತ್ತದೆ. ಎಸಿ ಹಾಕಿದ ಕೂಡಲೇ ಕಮಟು ವಾಸನೆ ಬಂದರೆ ಬೂಷ್ಟು ಸಾಮಾನ್ಯವಾಗಿ ತಂಪಿನ ಕಾಯಿಲಿನ ಮೇಲೆಯೋ ಫಿಲ್ಟರಿನಲ್ಲಿಯೋ ಇರುತ್ತದೆ. ಅದಕ್ಕೆ ಕನ್ನಡಿಯಿಂದ ಸುಗಂಧದ ಶೀಶೆಯನ್ನು ನೇತುಹಾಕುವುದು ಸೋಸಿದಂತೆಯೂ ಅಲ್ಲ, ಬದಲಿಸಿದಂತೆಯೂ ಅಲ್ಲ.

ಇನ್ನು ಈ ಚೀಲದಲ್ಲಿರುವುದು. ಅದೇ ಕಾರಿನದು. ಆ ಪ್ರಯಾಣದಿಂದ ಬಂದ ಮೇಲೆ ಗ್ಲೋವ್ ಬಾಕ್ಸನ್ನು ಖಾಲಿ ಮಾಡಿ, ಎರಡು ಬದಿಯ ತಡೆಗಳನ್ನು ಒಳಕ್ಕೆ ಒತ್ತಿ ಕೆಳಗಿಳಿಸಿ, ಹಿಂದಿನ ಚಪ್ಪಟೆ ಮುಚ್ಚಳವನ್ನು ತೆಗೆದೆ. ಒಣ ಎಲೆಗಳ ಚೂರು, ಯಾವುದೋ ಕೀಟದ ರೆಕ್ಕೆಗಳು, ನೆರಿಗೆಗಳ ನಡುವೆ ಗಟ್ಟಿಯಾದ ಮಣ್ಣು, ಒಂದು ಮೂಲೆಯಲ್ಲಿ ಇಲಿ ಕಡಿದು ಹಾಸಿಗೆ ಮಾಡಿಕೊಂಡ ಗುರುತು. ಹಿಂದಿನ ಸರ್ವಿಸಿನ ಬಿಲ್ಲಿನಲ್ಲಿ ಇದನ್ನು ಬದಲಿಸಿದ್ದಾಗಿ ಬರೆದು ಹಣ ತೆಗೆದುಕೊಂಡಿದ್ದರು. ಎಲ್ಲಿ ಎಂದು ಹೇಳುವುದಿಲ್ಲ. ಬ್ಲೋವರನ್ನು ನಾಲ್ಕಕ್ಕೆ ತಿರುಗಿಸಿದರೂ ಸದ್ದು ಮಾತ್ರ ಜೋರಾಗಿ ಗಾಳಿ ತೆಳ್ಳಗೆ ಬರುತ್ತಿದ್ದುದು ಏಕೆಂದು ಆಗ ತಿಳಿಯಿತು. ಹೆಚ್ಚಿನ ಕೈಪಿಡಿಗಳಲ್ಲಿ 15,000ದಿಂದ 30,000 ಕಿಲೋಮೀಟರಿನ ನಡುವೆ ಎಲ್ಲೋ ಒಂದು ಗಡುವು ಇರುತ್ತದೆ. ಧೂಳಿನ ದಾರಿಯವರು ಅದಕ್ಕೂ ಮೊದಲೇ ಒಮ್ಮೆ ತೆರೆದು ನೋಡಬೇಕು.

ಬಿಳಿಯ ಫಿಲ್ಟರ್ ಹಿಂದಿನ ಸಾಲಿನಿಂದ ವಾಪಸು ಬಂತೇ? ಅದರ ಅಂಚಿನಲ್ಲೊಂದು ಬಾಣ ಅಚ್ಚಾಗಿದೆ, ನೋಡಿ. ಗಾಳಿ ಹರಿಯುವ ದಿಕ್ಕು ಅದು. ತಲೆಕೆಳಗಾಗಿ ಕೂರಿಸಬೇಡಿ, ನಾನು ಮೊದಲ ಸಲ ಹಾಗೆಯೇ ಕೂರಿಸಿ ಭಾವಮೈದುನನ ಮುಂದೆ ಎರಡನೆಯ ಸಲ ನಗೆಪಾಟಲಾಗಿದ್ದೆ. ಪ್ರಶ್ನೆಗಳಿದ್ದರೆ ಕೇಳಬಹುದು, ಆ ಕಿಟಕಿಗಳು ಮಾತ್ರ ತೆರೆದೇ ಇರಲಿ.